‘ಯಾವುದಕ್ಕೆ ಸಹಿ?’

ಹೊಳಪಿನ ಫೋಟೋದ ಮೇಲೆ ಬಾಲ್ ಪೆನ್ನು ಮೂಡುವುದಿಲ್ಲ. ಇದು ನನಗೆ ಗೊತ್ತಾದದ್ದು 2001ರಲ್ಲಿ, ಶ್ರೀರಂಗಪಟ್ಟಣದ ಬಳಿಯ ಮಹದೇವಪುರದಲ್ಲಿ. ಕಾವೇರಿ ದಂಡೆಯ ಆ ಊರಿಗೆ ಸಿನಿಮಾದವರು ಬರುವುದು ಆಗಲೇ ಹಳೆಯ ಸಂಗತಿ. ಚಿತ್ರೀಕರಣ ಇದೆಯೆಂದರೆ ಸುತ್ತಲಿನ ಹಳ್ಳಿಯವರು ಜಾತ್ರೆಗೆ ಹೋದಂತೆ ಹೋಗುತ್ತಿದ್ದರು. ನಾನು ಹತ್ತನೆಯ ತರಗತಿಯಲ್ಲಿದ್ದೆ. ಮಂಡ್ಯದಿಂದ ಚಿಕ್ಕಪ್ಪನ ಸ್ಕೂಟರಿನ ಹಿಂದೆ ಕುಳಿತು ಹೋಗಿದ್ದೆ. ಊಟದ ಬಿಡುವಿನಲ್ಲಿ ನಟರೊಬ್ಬರು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅಂಗಡಿಯಲ್ಲಿ ಕೊಂಡಿದ್ದ ಅವರದೇ ಫೋಟೋ, ಶಾಲೆಯ ನೀಲಿ ಪೆನ್ನು ಎರಡನ್ನೂ ಚಾಚಿದೆ. ತೊಡೆಯ ಮೇಲಿಟ್ಟುಕೊಂಡು ಬರೆದರು. ಶಾಯಿ ಇಳಿಯಲಿಲ್ಲ. ಅಂಗೈ ಮೇಲೆ ಗೀಚಿ ನೋಡಿದರು, ಮೂಡಿತು. ಫೋಟೋದ ಮೇಲೆ ಮತ್ತೆ ಒತ್ತಿ ಬರೆದರು, ಮೂಡಲಿಲ್ಲ. ಅಷ್ಟರಲ್ಲಿ ಕರೆ ಬಂತು. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಎದ್ದು ಹೋದರು.

ಆ ಫೋಟೋ ಇಂದಿಗೂ ನನ್ನಲ್ಲಿದೆ. ನೇರವಾಗಿ ನೋಡಿದರೆ ಏನೂ ಕಾಣದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಂಗಿಯ ಜೇಬಿನ ಬಳಿ ಒಂದರ ಮೇಲೊಂದು ಎರಡು ಸಹಿಗಳ ಗೀರು ಎದ್ದು ಬರುತ್ತದೆ. ಎರಡನೆಯದು ಆಳವಾಗಿದೆ. ಈಗ ನನ್ನ ಸಂಗ್ರಹದಲ್ಲಿ 200ಕ್ಕೂ ಹೆಚ್ಚು ಹಸ್ತಾಕ್ಷರಗಳಿವೆ. ಅವುಗಳಲ್ಲಿ ಯಾರ ಸಂಶಯಕ್ಕೂ ಎಡೆಯಿಲ್ಲದ ಒಂದನ್ನು ತೋರಿಸು ಎಂದರೆ ನಾನು ಮೊದಲು ತೆಗೆಯುವುದು ಇದನ್ನೇ. ಶಾಯಿಯಿಲ್ಲದ ಸಹಿಯನ್ನು ನಕಲು ಮಾಡಿ ಯಾರಿಗೆ ಏನು ಲಾಭ?

ಅಂದು ಚಿಕ್ಕಪ್ಪ ಮರದವರೆಗೆ ನನ್ನ ಜತೆ ಬರಲಿಲ್ಲ. ತೆಂಗಿನ ತೋಟದ ಬೇಲಿಯ ಬಳಿ ಸ್ಕೂಟರಿಗೆ ಒರಗಿ ನಿಂತು, ‘ನೀನೇ ಹೋಗಿ ಕೇಳು’ ಎಂದಿದ್ದರು. ಸಂಕೋಚ ಇರಬೇಕು ಎಂದುಕೊಂಡಿದ್ದೆ. ಕಾರಣ ತಿಳಿದದ್ದು 2016ರಲ್ಲಿ, ಅವರು ತೀರಿಕೊಂಡು ತಿಥಿ ಮುಗಿದ ಮೇಲೆ. ಚಿಕ್ಕಮ್ಮ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಸಿ, ‘ಇದನ್ನು ರದ್ದಿಗೆ ಹಾಕಲು ನನಗೆ ಕೈ ಬರುವುದಿಲ್ಲ, ನೀನು ತೆಗೆದುಕೊಂಡು ಹೋಗು’ ಎಂದರು.

ಒಳಗೆ 64 ಸಿನಿಮಾ ಹಾಡಿನ ಪುಸ್ತಕಗಳಿದ್ದವು. ಒಂದು ಕಟ್ಟು ನಾಟಕದ ಕರಪತ್ರ, ಚಿತ್ರಮಂದಿರದ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸುತ್ತಿದ್ದಂಥ ದೊಡ್ಡ ಸ್ಥಿರಚಿತ್ರಗಳು, ಅರ್ಧ ಹರಿದ ಟಿಕೆಟ್‌ಗಳು. ಹಾಡಿನ ಪುಸ್ತಕ ನೋಡಿದವರಿಗೆ ಅದರ ರೂಪ ನೆನಪಿರುತ್ತದೆ: ಅಗ್ಗದ ಕಾಗದ, ಎಂಟು ಪುಟ, ನಡುವೆ ಒಂದು ಪಿನ್ನು, ಮುಖಪುಟಕ್ಕೆ ಎರಡೇ ಬಣ್ಣ. ಕಥಾಸಾರಾಂಶ ನಾಯಕಿ ಸಂಕಟಕ್ಕೆ ಸಿಲುಕುವ ತನಕ ಬಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ ಎಂದು ಅಲ್ಲಿಗೇ ನಿಲ್ಲುತ್ತದೆ. ಟ್ರಂಕಿನಲ್ಲಿದ್ದ ಕಾಗದಗಳ ಪೈಕಿ 41ರ ಮೇಲೆ ಸಹಿ ಇತ್ತು. ಪ್ರತಿ ಸಹಿಯ ಹಿಂಬದಿಯಲ್ಲಿ ಚಿಕ್ಕಪ್ಪನ ಇರುವೆ ಸಾಲಿನಂಥ ಅಕ್ಷರ: ‘ಪ್ರೀಮಿಯರ್ ಗೇಟು, ಸಂಜೆ 5, ಮಳೆ.’ ‘ಟೌನ್ ಹಾಲ್, ನಾಟಕ ಮುಗಿದ ಮೇಲೆ, ಮೆಟ್ಟಿಲ ಬಳಿ.’ ‘ಕೇಳಿದೆ, ನಾಳೆ ಬಾ ಎಂದರು. ಮಾರನೆಯ ದಿನ ಕೊಟ್ಟರು.’

ಅವರು ಆಗ ಮೈಸೂರಿನ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಸೈಕಲ್ ತುಳಿದುಕೊಂಡು ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದ ಗೇಟಿನ ಬಳಿ ನಿಲ್ಲುತ್ತಿದ್ದರಂತೆ. ಕೊನೆಯ ಸಹಿಯ ತಾರೀಖು 1989ರ ಜನವರಿ. ಆ ವರ್ಷದ ಫೆಬ್ರವರಿ 8ರಂದು ಅಲ್ಲಿ ಟಿಪ್ಪು ಸುಲ್ತಾನನ ಕುರಿತ ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 62 ಮಂದಿ ಸತ್ತರು. ‘ಗೇಟಿನ ಎದುರು ಇವರ ಜತೆ ಚಹಾ ಕುಡಿಯುತ್ತಿದ್ದ ಕೆಲಸದ ಹುಡುಗರು ಕೆಲವರು ಇದ್ದರು. ಆಮೇಲೆ ಇವರು ಯಾರ ಬಳಿಯೂ ಸಹಿ ಕೇಳಲಿಲ್ಲ’ ಎಂದು ಚಿಕ್ಕಮ್ಮ ಹೇಳಿದರು. ಅಷ್ಟೇ ಹೇಳಿ ಟ್ರಂಕಿನ ಮುಚ್ಚಳದ ಧೂಳು ಒರೆಸಿದರು.

ನನ್ನ ನಿಜವಾದ ಕಲಿಕೆ ಆ ಟ್ರಂಕಿನಿಂದ ಶುರುವಾಯಿತು. ಮೊದಲು ಕಂಡದ್ದು ಹಾನಿ. ಚಿಕ್ಕಪ್ಪ ಪ್ರೀತಿಯಿಂದ, ಉಳಿಯಲಿ ಎಂದೇ, ಎರಡು ಫೋಟೋಗಳಿಗೆ ಲ್ಯಾಮಿನೇಷನ್ ಮಾಡಿಸಿದ್ದರು. ಬಿಸಿಗೆ ಸಹಿಯ ಶಾಯಿ ಹರಡಿ, ಅಕ್ಷರಗಳ ಸುತ್ತ ನೇರಳೆ ಮಂಜು ಕವಿದಿತ್ತು. ಕೆಲವನ್ನು ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಗಳೊಳಗೆ ಸೇರಿಸಿದ್ದರು. ವರ್ಷಗಳಾದ ಮೇಲೆ ಆ ಪ್ಲಾಸ್ಟಿಕ್ಕು ಅಂಟಂಟಾಗಿ ಫೋಟೋಗೆ ಕಚ್ಚಿಕೊಂಡಿತ್ತು. ಎಳೆದರೆ ಮುಖವೇ ಕಿತ್ತು ಬರುವ ಹಾಗಿತ್ತು. ಹರಿದಲ್ಲಿ ಹಚ್ಚಿದ ಸೆಲ್ಲೋಟೇಪು ಕಂದಿ, ಟೇಪು ಉದುರಿ, ಅದರ ಅಂಟಿನ ಹಳದಿ ಪಟ್ಟಿ ಮಾತ್ರ ಉಳಿದಿತ್ತು. ಮೈಸೂರಿನಲ್ಲೇ ನೆಲೆಸಿ, ತಂದೆಯ ಪಾತ್ರಗಳಲ್ಲಿ ನಾಡಿನವರಿಗೆಲ್ಲ ಮನೆಯ ಹಿರಿಯರಂತಿದ್ದ ಕೆ.ಎಸ್. ಅಶ್ವತ್ಥ್ ಅವರ ಸಹಿ ಫೌಂಟನ್ ಪೆನ್ನಿನದು. ಅದನ್ನು ಕೆಲವು ವರ್ಷ ಗೋಡೆಗೆ ಹಾಕಿದ್ದರಂತೆ. ಬಿಸಿಲು ಕುಡಿದು ಚಹಾದ ಕಲೆಯಂತಾಗಿತ್ತು.

ಟ್ರಂಕನ್ನು ಮೈಸೂರಿಗೆ ತಂದು, ದೇವರಾಜ ಅರಸು ರಸ್ತೆಯ ಹಿಂದಿನ ಓಣಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಒಬ್ಬ ಹಿರಿಯರ ಮುಂದಿಟ್ಟೆ. ದೇವರ ಪಟ, ಮೈಸೂರು ಶೈಲಿಯ ಚಿತ್ರ, ಮದುವೆಯ ಫೋಟೋಗಳಿಗೆ ನಲವತ್ತು ವರ್ಷ ಕಟ್ಟು ಹಾಕಿದ ಕೈ ಅವರದು. ಅವರು ಏನನ್ನೂ ಮುಟ್ಟುವ ಮೊದಲು ಕೈ ತೊಳೆದು ಬಂದರು. ಕಚ್ಚಿಕೊಂಡ ಪ್ಲಾಸ್ಟಿಕ್ಕನ್ನು ಎಳೆಯಬೇಡಿ, ಸುತ್ತ ಕತ್ತರಿಸಿ ಹಾಗೇ ಬಿಡಿ ಎಂದರು. ಮಿಕ್ಕವನ್ನು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಗಳ ಒಳಗಿಟ್ಟು, ಆಮ್ಲರಹಿತ ಕಾಗದದ ಆಸರೆ ಕೊಟ್ಟು, ಮಲಗಿಸಿ ಇಡಬೇಕು. ಗೋಡೆಗೆ ಹಾಕುವ ಆಸೆಯಿದ್ದರೆ ಒಳ್ಳೆಯ ಬಣ್ಣದ ಪ್ರತಿ ತೆಗೆಸಿ ಅದನ್ನು ಹಾಕಿ, ಮೂಲ ಕತ್ತಲಲ್ಲಿರಲಿ. ಮೂಲವನ್ನೇ ಹಾಕಲೇಬೇಕೆಂದರೆ ಗಾಜು ಫೋಟೋಗೆ ತಾಗದಂತೆ ನಡುವೆ ರಟ್ಟಿನ ಅಂಚು ಕೊಡಬೇಕು. ಮಳೆಗಾಲದಲ್ಲಿ ಗಾಜಿಗೆ ಅಂಟಿದ ಫೋಟೋ ಮತ್ತೆ ಬಿಡಿಸಲು ಬಾರದು. ಕಾಗದ ತಿನ್ನುವ ಬೆಳ್ಳಿ ಹುಳಕ್ಕೆ ಔಷಧಿಗಿಂತ ಗಾಳಿಯಾಡುವ ಕಪಾಟೇ ಮೇಲು. ನಾನು ಇಂದಿಗೂ ವರ್ಷಕ್ಕೆರಡು ಸಲ, ಯುಗಾದಿಗೊಮ್ಮೆ, ದಸರಾ ರಜೆಯಲ್ಲೊಮ್ಮೆ, ಎಲ್ಲವನ್ನೂ ಹೊರತೆಗೆದು ಒಂದೊಂದನ್ನೇ ನೋಡುತ್ತೇನೆ.

ಅವರ ಬಳಿಯಿದ್ದ ಭೂತಗನ್ನಡಿ ಮುಂದಿನ ಪಾಠ ಕಲಿಸಿತು. 2017ರಲ್ಲಿ ನಾನು ಮಾರಾಟಗಾರರೊಬ್ಬರಿಂದ 4,500 ರೂಪಾಯಿ ಕೊಟ್ಟು ಡಾ. ರಾಜ್‌ಕುಮಾರ್ ಅವರ ಸಹಿಯುಳ್ಳ ಫೋಟೋ ತರಿಸಿಕೊಂಡೆ. ಒಂದು ತಿಂಗಳ ಉಳಿತಾಯವೆಲ್ಲ ಅದಕ್ಕೇ ಹೋಯಿತು. ಕಟ್ಟು ಹಾಕಿಸಲು ಒಯ್ದಾಗ ಹಿರಿಯರು ಭೂತಗನ್ನಡಿ ಇಟ್ಟು ಬಗ್ಗಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನೀವೇ ನೋಡಿ ಮೇಡಂ’ ಎಂದು ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಸಹಿಯ ಗೆರೆ ಗೆರೆಯಾಗಿರಲಿಲ್ಲ. ನೀಲಿ, ಕೆಂಪು, ಹಳದಿ ಚುಕ್ಕೆಗಳು ಒತ್ತೊತ್ತಾಗಿ ಕುಳಿತು ಗೆರೆಯಂತೆ ಕಾಣುತ್ತಿದ್ದವು. ಪತ್ರಿಕೆಯಲ್ಲಿ ಮುದ್ರಣವಾದ ಚಿತ್ರವನ್ನು ಹತ್ತಿರದಿಂದ ನೋಡಿದರೆ ಕಾಣುವಂಥವೇ ಚುಕ್ಕೆಗಳು. ಸಹಿಯೂ ಫೋಟೋದ ಜತೆಗೇ ಯಂತ್ರದಿಂದ ಇಳಿದಿತ್ತು.

ಅಂದು ರಾತ್ರಿ ಊಟ ಸೇರಲಿಲ್ಲ. ಹಣದ ನೋವು ಒಂದು ವಾರದಲ್ಲಿ ಮಾಸಿತು. ಅಭಿಮಾನಿಗಳನ್ನು ದೇವರುಗಳೆಂದು ಕರೆದ ಮನುಷ್ಯನ ಹೆಸರಿನಲ್ಲೇ ಅಭಿಮಾನಿಗೆ ಮೋಸವಾಯಿತಲ್ಲ ಎಂಬ ನೋವು ಮಾತ್ರ ಇನ್ನೂ ಇದೆ. ಆ ಫೋಟೋವನ್ನು ನಾನು ಎಸೆದಿಲ್ಲ. ಹಿಂದೆ ‘ಮುದ್ರಿತ ಸಹಿ’ ಎಂದು ಪೆನ್ಸಿಲಿನಲ್ಲಿ ಬರೆದು ಬೇರೆ ಲಕೋಟೆಯಲ್ಲಿಟ್ಟಿದ್ದೇನೆ. ಹೊಸದಾಗಿ ಸಂಗ್ರಹಿಸುವ ಹುಡುಗರು ಮನೆಗೆ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ಅಲ್ಲಿಂದ ಮುಂದೆ ನೋಡುವ ಕಣ್ಣು ಬದಲಾಯಿತು. ಕೈಯಿಂದ ಬರೆದ ಗೆರೆಗೆ ಉಸಿರು ಇರುತ್ತದೆ: ವೇಗ ಹೆಚ್ಚಿದಲ್ಲಿ ತೆಳ್ಳಗೆ, ತಿರುವಿನಲ್ಲಿ ದಪ್ಪ, ಪೆನ್ನು ಎತ್ತಿದ ಕಡೆ ಶಾಯಿಯ ಸಣ್ಣ ಗಂಟು. ಬಾಲ್ ಪೆನ್ನಾದರೆ ಕಾಗದದ ಹಿಂಬದಿಯಲ್ಲಿ ಬೆರಳಿಗೆ ಉಬ್ಬು ಸಿಗುತ್ತದೆ. ನಕಲು ಮಾಡುವವನು ನೋಡಿಕೊಂಡು ನಿಧಾನವಾಗಿ ಬರೆಯುತ್ತಾನೆ, ಆದ್ದರಿಂದ ಗೆರೆ ಉದ್ದಕ್ಕೂ ಒಂದೇ ದಪ್ಪವಿದ್ದು ಸಣ್ಣಗೆ ನಡುಗುತ್ತದೆ. ಯಾರೂ ಎರಡು ಸಲ ಒಂದೇ ಥರ ಸಹಿ ಹಾಕಲಾರರು. ಎರಡು ಫೋಟೋಗಳ ಸಹಿ ಒಂದರ ಮೇಲೊಂದಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದರೆ ಅದು ಮುದ್ರಣ ಅಥವಾ ರಬ್ಬರ್ ಮೊಹರು. ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಪಂಚಾಂಗ. ಒಬ್ಬರು ನನಗೆ ವಿಷ್ಣುವರ್ಧನ್ ಅವರ ಸಹಿಯೊಂದನ್ನು ತೋರಿಸಿದರು. ಅಕ್ಷರ ಚೆನ್ನಾಗಿತ್ತು, ಶಾಯಿಯೂ ನಿಜವಾದದ್ದೇ. ಕೆಳಗಿದ್ದ ತಾರೀಖು 2010ರ ಮಾರ್ಚ್. ಆ ಮಹಾನುಭಾವರು ಇದೇ ಮೈಸೂರಿನಲ್ಲಿ 2009ರ ಡಿಸೆಂಬರ್ 30ರಂದು ಹೋಗಿಬಿಟ್ಟಿದ್ದರು.

ಕೊಳ್ಳುವುದನ್ನು ನಾನು ಬಹುಮಟ್ಟಿಗೆ ಬಿಟ್ಟೆ. ಕಣ್ಣೆದುರು ಹಾಕಿಸಿಕೊಂಡ ಸಹಿಯಷ್ಟು ನೆಮ್ಮದಿ ಬೇರೆಯದರಲ್ಲಿಲ್ಲ. ಅದಕ್ಕೆ ಮೈಸೂರಿನಂಥ ಊರೂ ಇಲ್ಲ. ಇಲ್ಲಿ ರಂಗಾಯಣವಿದೆ. 1989ರಲ್ಲಿ ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ ಕಟ್ಟಿದ ಸಂಸ್ಥೆ ಕಲಾಮಂದಿರದ ಆವರಣದಲ್ಲೇ ಬೆಳೆದಿದೆ. ಅಲ್ಲಿನ ರಂಗಮಂದಿರ ಭೂಮಿಗೀತದಲ್ಲಿ ನಾಟಕ ಮುಗಿದ ಮೇಲೆ ಕಲಾವಿದರು ನಾವು ನಿಂತ ಅಂಗಳಕ್ಕೇ ಬರುತ್ತಾರೆ. ನಡುವೆ ಬೇಲಿಯಿಲ್ಲ, ತಳ್ಳುವವರಿಲ್ಲ.

2010ರಲ್ಲಿ ಅಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿ ಇಡೀ ರಾತ್ರಿಯ ನಾಟಕವಾಗಿ ಬಂತು. ಸಿ. ಬಸವಲಿಂಗಯ್ಯನವರ ನಿರ್ದೇಶನ, ಒಂಬತ್ತು ಗಂಟೆಗಳ ಪ್ರಯೋಗ. ಪ್ರೇಕ್ಷಕರೇ ಚಾಪೆ, ಹೊದಿಕೆ ಹೊತ್ತು ಒಂದು ರಂಗದಿಂದ ಇನ್ನೊಂದಕ್ಕೆ ನಡೆಯಬೇಕು. ಆಗ ನಾನು ಬಿ.ಇಡಿ. ಓದುತ್ತಿದ್ದೆ. ಗೆಳತಿಯರೆಲ್ಲ ನಾಟಕ ಮುಗಿಯುತ್ತಲೇ ನಿದ್ದೆಗಣ್ಣಿನಲ್ಲಿ ಬಸ್ಸಿಗೆ ಓಡಿದರು, ನಾನು ಉಳಿದೆ. ಬೆಳಕು ಹರಿದಿತ್ತು. ಮರಗಳಲ್ಲಿ ಹಕ್ಕಿಗಳ ಗಲಾಟೆ. ರಾತ್ರಿಯೆಲ್ಲ ಓಡಿ, ಹಾಡಿ, ಬಿದ್ದು ಎದ್ದ ಕಲಾವಿದರು ಮೆಟ್ಟಿಲ ಮೇಲೆ ಚಹಾ ಹಿಡಿದು ಕುಳಿತಿದ್ದರು. ಬಣ್ಣ ಅರ್ಧ ತೆಗೆದ ಮುಖಗಳು. ನಾಟಕದ ಪರಿಚಯ ಪತ್ರವನ್ನು ಒಬ್ಬರ ಮುಂದೆ ಹಿಡಿದೆ. ಅವರು ಸಹಿ ಹಾಕಿ ಪಕ್ಕದವರಿಗೆ ದಾಟಿಸಿದರು, ಅವರು ಇನ್ನೊಬ್ಬರಿಗೆ. ಕಾಗದ ಸಾಲಿನುದ್ದಕ್ಕೂ ಹೋಗಿ ಮರಳುವಷ್ಟರಲ್ಲಿ 23 ಸಹಿಗಳಾಗಿದ್ದವು. ಎಡ ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಗುರುತು: ಕಂದು ಬಣ್ಣ, ಅದನ್ನು ತೆಗೆಯಲು ಹಚ್ಚಿದ ಕೊಬ್ಬರಿ ಎಣ್ಣೆ ಎರಡೂ ಸೇರಿ ಬೆರಳಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ಎಣ್ಣೆ ಹರಡಿ ಅಷ್ಟು ಜಾಗ ಪಾರದರ್ಶಕವಾಗಿದೆ. ಅದನ್ನು ಶುಚಿ ಮಾಡಿಸಬಹುದು ಎಂದು ಆಮೇಲೆ ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. 23 ಸಹಿಗಳಷ್ಟೇ ಅದೂ ನನಗೆ ಮುಖ್ಯ.

ಸಿನಿಮಾ ನಟರ ಸಹಿ ಎರಡು ಸೆಕೆಂಡಿನ ಕೆಲಸ. ಅವರ ತಪ್ಪಲ್ಲ, ಸುತ್ತ ನೂರು ಕೈಗಳಿರುತ್ತವೆ. ರಂಗದ ಕಲಾವಿದರು ಮಾತ್ರ ಮೊದಲು, ‘ನಿಮ್ಮ ಹೆಸರೇನು?’ ಎಂದು ಕೇಳುತ್ತಾರೆ. ಎಲ್ಲಿಂದ ಬಂದಿರಿ, ಯಾವ ದೃಶ್ಯ ಹಿಡಿಸಿತು ಎಂದು ವಿಚಾರಿಸುತ್ತಾರೆ. ಈ ಹದಿನೈದು ವರ್ಷಗಳಲ್ಲಿ ನನಗೆ ನಾನೇ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇನೆ. ನಾಟಕಕ್ಕೆ ಮುಂಚೆ ಕೇಳುವುದಿಲ್ಲ. ಆಗ ಅವರು ಅವರಾಗಿರುವುದಿಲ್ಲ, ಪಾತ್ರದೊಳಗೆ ಇಳಿಯುತ್ತಿರುತ್ತಾರೆ. ಮುಗಿದ ಮೇಲೂ ಒಂದು ಲೋಟ ಚಹಾ ಕುಡಿಯುವಷ್ಟು ಬಿಡುತ್ತೇನೆ. ಆಸ್ಪತ್ರೆ, ಸಾವಿನ ಮನೆ, ಊಟದ ಎಲೆ, ಈ ಮೂರರ ಮುಂದೆ ಪೆನ್ನು ತೆಗೆಯುವುದಿಲ್ಲ. ಚೀಲದಲ್ಲಿ ಸದಾ ಒಂದು ರಟ್ಟು ಇರುತ್ತದೆ. ಹೊಳಪಿನ ಫೋಟೋಗೆ ಒರೆಸಿದರೂ ಹೋಗದ ಮಾರ್ಕರ್, ಕಪ್ಪು ಹಿನ್ನೆಲೆಗೆ ಬೆಳ್ಳಿ ಬಣ್ಣದ್ದು, ತೆಳು ಕಾಗದಕ್ಕೆ ವರ್ಣದ್ರವ್ಯದ ಶಾಯಿಯ ಸಣ್ಣ ಮೊನೆಯ ಪೆನ್ನು. ತೆಳು ಕಾಗದಕ್ಕೆ ಮಾರ್ಕರ್ ಹಚ್ಚಿದರೆ ಹಿಂಬದಿಗೆ ಸೋರುತ್ತದೆ. ಮನೆಗೆ ಬಂದ ರಾತ್ರಿಯೇ, ಚಿಕ್ಕಪ್ಪನ ಹಾಗೆ, ತಾರೀಖು, ಜಾಗ, ಆಡಿದ ಮಾತು ಬರೆದಿಡುತ್ತೇನೆ. ಮಾರನೆಯ ದಿನಕ್ಕೆ ಬಿಟ್ಟರೆ ಮಾತಿನ ಅರ್ಧ ಹೋಗಿರುತ್ತದೆ.

ಅಂಚೆಯ ದಾರಿಯನ್ನೂ ನೋಡಿದೆ. ಒಂದೇ ಪುಟದ ಕೈಬರಹದ ಪತ್ರ, ಎರಡು ರಟ್ಟುಗಳ ನಡುವೆ ಫೋಟೋ, ನನ್ನ ವಿಳಾಸ ಬರೆದು ಸ್ಟಾಂಪು ಹಚ್ಚಿದ ಮರಳಿ ಕಳಿಸುವ ಲಕೋಟೆ. 14 ಕಳಿಸಿದೆ, ಐದು ಬಂದವು. ಒಂದು ಹನ್ನೊಂದು ತಿಂಗಳಿಗೆ ಬಂತು. ಇನ್ನೊಂದರಲ್ಲಿ ಫೋಟೋ ಸಹಿಯಿಲ್ಲದೆ ಹಾಗೇ ಮರಳಿತ್ತು, ಜತೆಗೆ ನಟರ ಪತ್ನಿಯ ನಾಲ್ಕು ಸಾಲು: ಈಗ ಅವರಿಗೆ ಪೆನ್ನು ಹಿಡಿಯಲು ಆಗುವುದಿಲ್ಲ, ನಿಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಆ ಖಾಲಿ ಫೋಟೋ ಮತ್ತು ಪತ್ರವನ್ನು ಒಂದೇ ಹಾಳೆಯೊಳಗೆ ಇಟ್ಟಿದ್ದೇನೆ.

ಮಾರುವವರ ಬಗ್ಗೆ ನನಗೆ ದ್ವೇಷವಿಲ್ಲ. ಕಷ್ಟಕ್ಕೆ ಚಿನ್ನ ಮಾರುವ ಮನೆಯಲ್ಲಿ ಫೋಟೋ ಮಾರಬಾರದೆಂದು ಹೇಳುವುದು ಹೇಗೆ? ಆದರೆ ಕಾಲ ನೋಡಬೇಕು. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು, ಅದೇ ರಾತ್ರಿ ಅಂಬರೀಶ್ ಹೋದ ಸುದ್ದಿ ಬಂತು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಮಗ. ಮಾರನೆಯ ದಿನ ಮಂಡ್ಯದ ಕ್ರೀಡಾಂಗಣಕ್ಕೆ ಅವರನ್ನು ತಂದಾಗ ನಾನೂ ಸಾಲಿನಲ್ಲಿ ನಿಂತಿದ್ದೆ. ನಿಂತಿರುವಾಗಲೇ ಮೊಬೈಲಿಗೆ ಕರೆ: ನಿಮ್ಮ ಚಿಕ್ಕಪ್ಪ ಹಾಕಿಸಿಕೊಂಡಿದ್ದ ಅಂಬರೀಶ್ ಫೋಟೋ ಇದೆಯಂತೆ, 25,000ಕ್ಕೆ ಕೊಡುತ್ತೀರಾ? ನನ್ನ ಮುಂದೆ ನಿಂತಿದ್ದ ಮುದುಕರೊಬ್ಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದರು. ಫೋನ್ ಕಟ್ಟು ಮಾಡಿದೆ. ಆ ವಾರ ಇನ್ನೂ ಎರಡು ಕರೆ ಬಂದವು. ಎತ್ತಲಿಲ್ಲ.

ಟ್ರಂಕಿನ ಕರಪತ್ರಗಳ ಕಟ್ಟಿನಲ್ಲಿ ಒಂದು ಮಾತ್ರ ನನ್ನನ್ನು ಬಿಡಲಿಲ್ಲ. ತೆಳು ಗುಲಾಬಿ ಕಾಗದ, ನಾಲ್ಕು ಮಡಿಕೆ. ಮಂಡ್ಯದಲ್ಲಿ ಕ್ಯಾಂಪು ಹಾಕಿದ್ದ ಒಂದು ನಾಟಕ ಕಂಪನಿಯ ಸಾಮಾಜಿಕ ನಾಟಕದ್ದು. ನಾಯಕನ ಹೆಸರು ದಪ್ಪಕ್ಷರದಲ್ಲಿ, ನಾಯಕಿಯದು ಅದರ ಅರ್ಧ ಗಾತ್ರದಲ್ಲಿ, ಮುಂದೆ ‘ಗಾನಕೋಗಿಲೆ’ ಎಂಬ ಬಿರುದು. ಹಿಂಬದಿಯಲ್ಲಿ ಚಿಕ್ಕಪ್ಪನ ಅಕ್ಷರ: ‘1978. ಮೂರು ರಾತ್ರಿ ನೋಡಿದೆ. ನಾಯಕಿಯ ಸಹಿ ಸಿಗಲಿಲ್ಲ. ಬಣ್ಣದ ಕೋಣೆಯತ್ತ ಬಿಡಲಿಲ್ಲ.’ ಸಿಗಲಿಲ್ಲ ಎಂದು ಅವರು ಬರೆದಿಟ್ಟಿದ್ದು ಇದೊಂದನ್ನೇ.

ಆ ಹೆಸರನ್ನು ರಂಗಭೂಮಿಯ ಹಿರಿಯರಲ್ಲಿ ಕೇಳುತ್ತ ಹೋದೆ. ಕಂಪನಿ ಎಂದೋ ಮುಚ್ಚಿತ್ತು. ಸುಳಿವು ಸಿಕ್ಕಿದ್ದು ಮಂಡ್ಯದಲ್ಲೇ, ನಾಟಕದ ಸೀನರಿ ಮತ್ತು ಉಡುಪು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ನಮ್ಮ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟದ ಹಳ್ಳಿ ಕಡಿಮೆ. ಕೃಷ್ಣ, ದುರ್ಯೋಧನ, ಭೀಮ ಎಲ್ಲರೂ ಊರಿನ ರೈತರೇ. ಪಾತ್ರಕ್ಕೆ ಇಷ್ಟೆಂದು ತಾವೇ ಹಣ ಹಾಕಿ, ಹಾರ್ಮೋನಿಯಂ ಮೇಷ್ಟರ ಎದುರು ತಿಂಗಳುಗಟ್ಟಲೆ ಕಂದ, ಪದ್ಯ ಕಲಿಯುತ್ತಾರೆ. ಸ್ತ್ರೀ ಪಾತ್ರಗಳಿಗೆ ಮಾತ್ರ ವೃತ್ತಿ ನಟಿಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಅಂಗಡಿಯವರು ಗದೆಗೆ ಬೆಳ್ಳಿ ಕಾಗದ ಸುತ್ತುತ್ತಿದ್ದರು. ಕರಪತ್ರ ನೋಡಿ, ‘ಇವರೇ? ನಾಲ್ಕು ವರ್ಷದ ಹಿಂದಿನ ತನಕ ಕುಂತಿ ಪಾತ್ರಕ್ಕೆ ಬರುತ್ತಿದ್ದರು. ಮಂಡಿ ನೋವಿನಿಂದ ಬಿಟ್ಟರು’ ಎಂದು ಬೀದಿಯ ಗುರುತು ಹೇಳಿದರು.

ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಿಂದ ರೈಲಿನಲ್ಲಿ ಹೋದೆ. ಸಾಲುಮನೆಯ ಕೊನೆಯದು. 74 ವರ್ಷದ ತಾಯಿ ಹೊಸ್ತಿಲಲ್ಲಿ ಕುಳಿತು ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದರು. ಸೊಗಡಿನ ವಾಸನೆ ಬೀದಿಗೇ ಬರುತ್ತಿತ್ತು. ನಾನು ಶಾಲೆಯ ಶಿಕ್ಷಕಿ ಎಂದು ಹೇಳಿ, ಚಿಕ್ಕಪ್ಪನ ವಿಷಯ ಹೇಳಿ, ಕರಪತ್ರ ತೆಗೆದು, ‘ಅಮ್ಮ, ಇದರ ಮೇಲೆ ನಿಮ್ಮ ಸಹಿ ಬೇಕಿತ್ತು’ ಎಂದೆ.

ಅವರ ಕೈ ನಿಂತಿತು. ‘ಯಾವುದಕ್ಕೆ ಸಹಿ?’

ನಾನು ಮತ್ತೆ ವಿವರಿಸಿದೆ. ಅಭಿಮಾನ, ನೆನಪು ಎಂಬ ಮಾತುಗಳನ್ನೆಲ್ಲ ಆಡಿದೆ. ಅವರು ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ‘ಅದರಲ್ಲಿ ಏನು ಬರೆದಿದೆಯೋ ಎಲ್ಲ ಓದು’ ಎಂದರು. ಓದಿದೆ. ನಾಟಕದ ಹೆಸರು, ಹಾಡುಗಳ ಹೊಗಳಿಕೆ, ಸೋಫಾ, ಕುರ್ಚಿ, ನೆಲ ಎಂದು ಟಿಕೆಟ್ ದರ, ಅಳುವ ಮಕ್ಕಳನ್ನು ಹೊರಗೆ ಕರೆದೊಯ್ಯಬೇಕೆಂಬ ಸೂಚನೆ, ಕೊನೆಗೆ ಮುದ್ರಣಾಲಯದ ಹೆಸರು. ‘ಹಿಂದೆ?’ ಎಂದರು. ಹಿಂದೆ ಚಿಕ್ಕಪ್ಪ ಬರೆದದ್ದು, ಆಮೇಲೆ ಓದುತ್ತೇನೆ ಎಂದೆ.

ಆಗ ಹೇಳತೊಡಗಿದರು. ತಂದೆಗೆ ಕಾಯಿಲೆಯಾದಾಗ ಕಂಪನಿಯವರು 600 ರೂಪಾಯಿ ಮುಂಗಡ ಕೊಟ್ಟರು. ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಅದು ತೀರುವ ತನಕ ಬೇರೆ ಕಂಪನಿಗೆ ಹೋಗುವಂತಿಲ್ಲ. ತೀರುವ ಮೊದಲು ಮಳೆಗಾಲ, ಆಟವಿಲ್ಲ, ಸಂಬಳವಿಲ್ಲ, ಮತ್ತೆ ಮುಂಗಡ, ಮತ್ತೆ ಸಹಿ. ಹನ್ನೊಂದು ವರ್ಷ. ‘ಪಾತ್ರವನ್ನು ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದೆ ಕಣವ್ವ. ನಾನು ಅಕ್ಷರ ಬರೆಯಲು ಕಲಿತದ್ದೇ ಸಹಿ ಹಾಕುವುದಕ್ಕೆ. ಅದು ಬಿಟ್ಟರೆ ಈಗ ಮಾಸಾಶನದ ಅರ್ಜಿಗೆ ಹಾಕಿದ್ದೇನೆ. ಪ್ರೀತಿಗೆ ಯಾರೂ ಸಹಿ ಕೇಳಲಿಲ್ಲ.’

ನನ್ನ ಬಳಿ ಹೇಳಲು ಮಾತಿರಲಿಲ್ಲ. ಕರಪತ್ರವನ್ನು ಮಡಚಿ ಚೀಲಕ್ಕೆ ಹಾಕಲು ಹೊರಟೆ. ‘ಇರು’ ಎಂದು ಅವರು ಎದ್ದು, ಮಂಡಿ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಸೋಪು ಹಾಕಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ಕುಳಿತರು. ರಟ್ಟಿನ ಮೇಲೆ ಕರಪತ್ರ ಬಿಡಿಸಿ ಪೆನ್ನು ಕೊಟ್ಟೆ. ಅವರು ಸಹಿ ಹಾಕಲಿಲ್ಲ. ಮೊದಲು ತಮ್ಮ ಮುದ್ರಿತ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. ಅದರಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ‘ಅಂದೇ ಹೇಳಿದ್ದೆ. ಮುಂದಿನ ಸಲ ಸರಿ ಮಾಡುತ್ತೇವೆ ಎಂದಿದ್ದರು’ ಎನ್ನುತ್ತ ಪೆನ್ನಿನ ಮೊನೆಯಿಂದ ಆ ಒತ್ತನ್ನು ಕೆಳಗೆ ಸೇರಿಸಿದರು. ಮುದ್ರಣದ ಕಪ್ಪು ಮಾಸಿದೆ, ಈ ಒತ್ತು ಮಾತ್ರ ಈಗ ಕಡುಕಪ್ಪಾಗಿ ಕಾಣುತ್ತದೆ. ಆಮೇಲೆ ಪಕ್ಕದಲ್ಲಿ ದುಂಡಗೆ, ಒಂದೊಂದು ಅಕ್ಷರಕ್ಕೂ ಪೆನ್ನೆತ್ತಿ, ಪೂರ್ತಿ ಹೆಸರು ಬರೆದರು.

‘ಸಾಕ್ಷಿ ಯಾರು?’ ಎಂದರು.

ನನಗೆ ಅರ್ಥವಾಗಲಿಲ್ಲ. ‘ಸಹಿ ಹಾಕಿದ ಕಡೆಯೆಲ್ಲ ಸಾಕ್ಷಿ ಇರುತ್ತಿದ್ದರು. ಎಲ್ಲರೂ ಅವರ ಕಡೆಯವರೇ. ಇದಕ್ಕೆ ನನ್ನ ಕಡೆಯವರು ಇರಲಿ. ನೀನು ಹಾಕು.’

ಸಂಗ್ರಹದ ವಸ್ತುವಿನ ಮೇಲೆ ಸಂಗ್ರಹಿಸುವವರು ತಮ್ಮ ಹೆಸರು ಬರೆಯಬಾರದು. ಹುಡುಗರಿಗೆ ನಾನೇ ಎಷ್ಟು ಸಲ ಹೇಳಿದ್ದೇನೆ. ಅವರ ಸಹಿಯ ಕೆಳಗೆ ‘ಸಾಕ್ಷಿ’ ಎಂದು ಬರೆದು ನನ್ನ ಸಹಿ ಹಾಕಿದೆ. ಅವರು ಕರಪತ್ರವನ್ನು ಎರಡು ಮೂಲೆ ಹಿಡಿದು ಎತ್ತಿ, ಶಾಯಿ ಒಣಗಲೆಂದು ಊದಿದರು. ಹಿಂಬದಿಯ ಬರಹ ಕಣ್ಣಿಗೆ ಬಿದ್ದು, ‘ಈಗ ಓದು’ ಎಂದರು. ಓದಿದೆ. ಮೂರು ರಾತ್ರಿ ಎಂಬಲ್ಲಿ ತಡೆದು, ‘ಮೂರು ರಾತ್ರಿಯೇ?’ ಎಂದು ಕೇಳಿದರು. ಹೌದು ಎಂದೆ. ಕೊನೆಯ ತನಕ ಕೇಳಿಸಿಕೊಂಡರು.

‘ಅದರ ಕೆಳಗೆ ಸಿಕ್ಕಿತು ಎಂದು ಬರೆ. ತಾರೀಖೂ ಹಾಕು.’

ಪೆನ್ಸಿಲ್ ತೆಗೆದು ಚಿಕ್ಕಪ್ಪನ ಸಾಲಿನ ಕೆಳಗೆ ಬರೆದೆ: ‘ಸಿಕ್ಕಿತು. 27-11-2022.’ ಅವರು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, ಅವರೆಕಾಳಿನ ಸಾರು ಮಾಡುತ್ತೇನೆ, ಉಂಡೇ ಹೋಗಬೇಕು ಎಂದರು. ಮಧ್ಯಾಹ್ನದ ರೈಲು ಬಿಟ್ಟು ಸಂಜೆಯ ರೈಲಿಗೆ ಹೊರಟೆ.